ಬಣ್ಣಕ್ಕೆ ಫೇಡ್, ಚಂದ್ರನಿಗೆ ವೇನ್

ಎನಿಡ್ ಬೇಕೆಂದೇ ತಪ್ಪು ಪದ ಜೋಡಿಸಿದಳು. ಎಫ್, ಎ, ಐ, ಡಿ. ಅಕ್ಷರದ ಬಿಲ್ಲೆಗಳನ್ನು ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಹಲಗೆಯ ಮೇಲೆ ಒಂದೊಂದಾಗಿ ಇಟ್ಟು, ಎದುರಿಗೆ ಕೂತ ಗಂಡನ ಮುಖವನ್ನೇ ನೋಡುತ್ತ ಟೀ ಕಪ್ಪು ಕೈಗೆತ್ತಿಕೊಂಡಳು.

ರೋಲಂಡ್ ಹಲಗೆಯ ಮೇಲೆ ಬಗ್ಗಿದ. "ಏನಿದು?"

"ಫೇಡ್. ಕ್ರಿಯಾಪದ. ಕಿಟಕಿ ಪರದೆ ಬಿಸಿಲಿಗೆ ಮಾಸಿ ಹೋಗುತ್ತಲ್ಲ, ಅದು."

"ಫೇಡ್ ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯಾ, ಮುದುಕಿ?" ಎಂದು ನಕ್ಕ. "ಸರಿಯಾಗಿದೆ, ಅಂಕ ಬರ್ಕೋ."

ಅವಳು ಬರೆದುಕೊಳ್ಳಲಿಲ್ಲ. ಹಲ್ ಊರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವನು ಇವನು. ಮಾಸುವ ಬಣ್ಣಕ್ಕೆ ಫೇಡ್, ಕರಗುವ ಚಂದ್ರನಿಗೆ ವೇನ್. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಉಣ್ಣುತ್ತಿದ್ದ ತಟ್ಟೆ ಸರಿಸಿ ಜಗಳಕ್ಕೆ ನಿಲ್ಲುತ್ತಿದ್ದ. ಮದುವೆಗೆ ಮುಂಚೆ ಅವಳು ಬರೆದ ಪ್ರೇಮಪತ್ರವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದ ಮಹಾರಾಯ. ಅಂಥವನ ಕಣ್ಣಿಗೆ ಫೇಡ್ ಪದದಲ್ಲಿ ಇರಬಾರದ ಈ 'ಐ' ಬೀಳಲಿಲ್ಲವೆಂದರೆ ಯಾರು ನಂಬುತ್ತಾರೆ?

ಕಳೆದ ತಿಂಗಳು ಅವಳು ಒಲೆಯ ಮೇಲೆ ಕೆಟಲ್ ಇಟ್ಟು, ಮರೆತು ಅಂಗಡಿಗೆ ಹೋಗಿದ್ದಳು. ಕೆಟಲ್ ಸುಟ್ಟು ಕರಕಲಾಯಿತು. ರೋಲಂಡ್ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಅವಳನ್ನು ಪರೀಕ್ಷಿಸಿ, ಆಚೆ ಕೂರಿಸಿ, ಅವನೊಬ್ಬನೊಡನೆ ಬಹಳ ಹೊತ್ತು ಮಾತಾಡಿದರು. ಅಂದಿನಿಂದ ಅವನು ಅವಳ ಒಂದು ಪದಕ್ಕೂ ತಕರಾರು ತೆಗೆದಿರಲಿಲ್ಲ. ಎಲ್ಲದಕ್ಕೂ ಸರಿ, ಸರಿ. ಈ ಒಳ್ಳೆಯತನವೇ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

"ನನ್ನ ಮುಖ ನೋಡಿ ಹೇಳು. ಅವತ್ತು ಡಾಕ್ಟರು ಏನಂದ್ರು?"

"ಎಷ್ಟು ಸಲ ಹೇಳ್ಲಿ? ನಿನಗೇನೂ ಆಗಿಲ್ಲ ಅಂದ್ರು."

"ಮತ್ತೆ ನನ್ನನ್ನ ಮಗು ಥರ ಯಾಕೆ ಗೆಲ್ಲಿಸ್ತಾ ಇದ್ದೀಯ? ಇವಳ ತಲೆ ಖಾಲಿಯಾಗ್ತಿದೆ, ಪಾಪ, ಗೆದ್ಕೊಳ್ಳಲಿ ಅಂತಾನಾ? ಈ ಪದ ತಪ್ಪು ರೋಲಂಡ್. ನಿನಗೂ ಗೊತ್ತು."

ಅವನ ಕಿವಿ ಕೆಂಪಾಯಿತು. "ತಪ್ಪೇನಿಲ್ಲ."

"ಹಾಗಾದ್ರೆ ತೋರಿಸು." ಕಪಾಟಿನಿಂದ ಅವನದೇ ದಪ್ಪ ನಿಘಂಟನ್ನು ಎಳೆದು ತಂದು ಅವನ ತೊಡೆಯ ಮೇಲೆ ಕುಕ್ಕಿದಳು.

ರೋಲಂಡ್ ಕನ್ನಡಕ ಸರಿಪಡಿಸಿಕೊಂಡು ಪುಟ ತಿರುವಿದ. ಮುಂದಕ್ಕೆ ಹೋದ, ಹಿಂದಕ್ಕೆ ಬಂದ, ಮತ್ತೆ ಮುಂದಕ್ಕೆ ಹೋದ. ನಾಟಕ, ಎಂದುಕೊಂಡಳು ಎನಿಡ್. ಇನ್ನು ಸ್ವಲ್ಪ ಹೊತ್ತಿಗೆ ಪುಸ್ತಕ ಮುಚ್ಚಿ ನಿಜ ಕಕ್ಕುತ್ತಾನೆ ಎಂದು ಕೈಕಟ್ಟಿ ನಿಂತಳು. ಅವನು ಮುಚ್ಚಲಿಲ್ಲ. ಎಂ ಅಕ್ಷರದ ಪುಟವೊಂದರ ಮೇಲೆ ಬೆರಳಿಟ್ಟ.

"ಎನಿಡ್," ಎಂದ ಕೊನೆಗೆ, ತಲೆಯೆತ್ತದೆ. "ಎಫ್ ಬರೋದು ಎಂ ಆದಮೇಲಾ, ಮುಂಚೆನಾ?"