ಎರಡನೆಯ ಸ್ವರ

ಪೇಜರುಗಳು ಸರಿಯಿವೆಯೇ ಎಂದು ನೋಡಲು ಅಗ್ನಿಶಾಮಕ ದಳ ದಿನಾ ಸಂಜೆ ಕಳಿಸುವ ಎರಡು ಸ್ವರಗಳು ಪಕ್ಕದ ಮನೆಯ ಪೇಜರಿನಲ್ಲಿ ಒಂದರ ಹಿಂದೊಂದು ಮೊಳಗಿದವು. ನಾರ್ಬರ್ಟನ ಪೇಜರ್ ಮಾತ್ರ ಅಡುಗೆಮನೆಯ ಮೇಜಿನ ಮೇಲೆ ಮೂಕವಾಗಿ ಕೂತಿತ್ತು. ಆ ವಿಸ್ಕಾನ್ಸಿನ್ ಹಳ್ಳಿಯಲ್ಲಿ ಬೆಂಕಿ ಆರಿಸಲು ಓಡುವ ಸ್ವಯಂಸೇವಕರೆಲ್ಲರ ಪೇಜರಿಗೆ ಸ್ವರ ತುಂಬುವವನೇ ಅವನು. ಹೃದಯದ ಆಪರೇಷನ್ ಆದಮೇಲೂ ಕರೆ ಬಂದಾಗಲೆಲ್ಲ ಏದುಸಿರು ಬಿಡುತ್ತ ಹೊರಡುತ್ತಿದ್ದ.

ಪೇಜರನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದ. ಮೊದಲ ಸ್ವರ ಸರಿಯಿತ್ತು. ಎರಡನೆಯದನ್ನು ಯಾರೋ ಬದಲಿಸಿದ್ದರು. ಬಂದ ಸ್ವರಗಳೆರಡೂ ಒಳಗೆ ತುಂಬಿದ ಸಂಖ್ಯೆಗಳಿಗೆ ಹೊಂದದೆ ಪೇಜರ್ ಬಾಯಿ ಬಿಡುವುದಿಲ್ಲ.

"ಆರ್ಲಿಸ್, ಇದು ನಿನ್ನ ಕೆಲಸಾನಾ?"

ಹೆಂಡತಿ ಆಲೂಗಡ್ಡೆ ಸುಲಿಯುತ್ತಲೇ ಇದ್ದಳು. "ಹೂಂ. ಇಷ್ಟು ವರ್ಷ ಇದೇ ಮೇಜಿನ ಮೇಲೆ ಮಾಡ್ತಿದ್ದೆಯಲ್ಲ, ನೋಡಿ ನೋಡಿ ಬಂತು."

"ಬೆಂಕಿ ಬಿದ್ರೆ ಯಾರು ಹೋಗ್ತಾರೆ?"

"ನೀನು ಹುಟ್ಟೋ ಮೊದ್ಲೂ ಊರು ಇತ್ತು ಮಹಾರಾಯ. ಬೇಕಿದ್ರೆ ಸರಿಮಾಡ್ಕೋ. ಬಾಗಿಲಲ್ಲಿ ನಿಂತು ಕಾದು ಕಾದು ನಂಗೆ ಸಾಕಾಗಿದೆ."

ಸರಿಯಾದ ಸಂಖ್ಯೆ ಅವನಿಗೆ ಪ್ರಾರ್ಥನೆಯ ಸಾಲಿನಂತೆ ಬಾಯಿಪಾಠ. ಬೆರಳು ಕೀಲಿಮಣೆಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಏನನ್ನೂ ಒತ್ತದೆ ತಂತಿಯನ್ನು ಕಿತ್ತು ಸುತ್ತಿಟ್ಟ. ಕುರ್ಚಿಯನ್ನು ಅವಳ ಆಲೂಗಡ್ಡೆ ಬುಟ್ಟಿಯ ಪಕ್ಕಕ್ಕೆ ಎಳೆದುಕೊಂಡ.

"ಇನ್ನೊಂದು ಚಾಕು ಕೊಡು," ಎಂದ.