ಎಳೆಯುವವನು, ತಳ್ಳುವವನು

ಟೈಲರಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿಬಿಟ್ಟರು. ನೆಲ ಸಣ್ಣಗೆ ನಡುಗಲು ಶುರುವಾಗಿತ್ತು. ಮೇಜಿನ ಮೇಲಿದ್ದ ಕತ್ತರಿ ತಾನಾಗಿಯೇ ಜರುಗುತ್ತಿತ್ತು. "ಏಳಮ್ಮ, ಹಿತ್ತಲಿಗೆ ಬಾ. ಗೂಡ್ಸ್ ರೈಲು ಏರು ಹತ್ತೋವಾಗ ಹೊಲಿದ್ರೆ ಹೊಲಿಗೆ ಸೊಟ್ಟಗಾಗುತ್ತೆ. ನಿನ್ನ ಯೂನಿಫಾರಂ ಹಾಳು ಮಾಡಿದ ಪಾಪ ನನಗ್ಯಾಕೆ?" ಎಂದವರೇ ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಹೊರಟರು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನರ್ಸ್ ಹುಡುಗಿಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. ಆದರೂ ಹಿಂದೆಯೇ ಹೋದಳು.

ಹಿತ್ತಲ ಗೋಡೆಯ ಆಚೆಗೇ ಹಳಿ. ಕೈಯಿಂದ ಜಾರಿದ ಚೆಂಡು ಕೆಳಗಿನ ಸ್ಟೇಷನ್ನಿನವರೆಗೂ ಉರುಳಿಕೊಂಡು ಹೋಗುವಂಥ ಏರು. ಅದಿರು ತುಂಬಿದ ವ್ಯಾಗನ್ನುಗಳು ತುಂಬು ಬಸುರಿಯರ ಹಾಗೆ ನಿಧಾನವಾಗಿ ಒಂದರ ಹಿಂದೆ ಒಂದು ಹತ್ತುತ್ತಿದ್ದವು.

"ಮುಂದಿನ ಎಂಜಿನ್ನಲ್ಲಿರೋ ಡ್ರೈವರ್ ನನ್ನ ದೊಡ್ಡ ಮಗ. ಆಗಲೇ ತಿರುವು ದಾಟಿದ. ಬಾಲದಲ್ಲಿ ಇನ್ನೊಂದು ಎಂಜಿನ್ ಗಾಡೀನ ತಳ್ಕೊಂಡು ಬರುತ್ತೆ ನೋಡು, ಅದರಲ್ಲಿರೋನು ಚಿಕ್ಕೋನು."

"ಅಬ್ಬಾ, ಇಬ್ಬರೂ ಒಂದೇ ಗಾಡೀಲಾ! ಹಾಗಾದ್ರೆ ಗಾಡಿ ಹತ್ತಿಸೋದು ಯಾರು ಆಂಟಿ?"

ಟೈಲರಮ್ಮನ ಮುಖ ಸಣ್ಣಗಾಯಿತು. "ಅದೊಂದು ಮಾತ್ರ ನಮ್ಮನೇಲಿ ಕೇಳಬೇಡಮ್ಮ. ಹೋದ ಚಳಿಗಾಲದಲ್ಲಿ ಒಂದಿನ ಊಟಕ್ಕೆ ಕೂತಾಗ ದೊಡ್ಡೋನು, 'ತಳ್ಳೋದೇನು ಮಹಾ, ಕಷ್ಟ ಎಳೆಯೋನಿಗೆ ಗೊತ್ತು' ಅಂದ. ಚಿಕ್ಕೋನು ಬಿಡ್ತಾನಾ? 'ನಾನು ಕೈಬಿಟ್ರೆ ಗಾಡಿ ಸಮೇತ ಜಾರಿ ನಮ್ಮ ಹಿತ್ತಲಿಗೇ ಬಂದು ಬೀಳ್ತೀಯ' ಅಂದ. ಅವತ್ತಿಂದ ಮಾತಿಲ್ಲ ಕತೆಯಿಲ್ಲ. 'ಅಮ್ಮಾ, ಸೋಪು ನೀರಲ್ಲಿ ಬಿಡಬೇಡ ಅಂತ ಅವನಿಗೆ ಹೇಳು' ಅಂತಾನೆ ಒಬ್ಬ. ಆ 'ಅವನು' ಅಲ್ಲೇ ಪಕ್ಕದಲ್ಲಿ ತಲೆ ಒರೆಸ್ಕೊಳ್ತಾ ನಿಂತಿರ್ತಾನೆ! ಮನೇಲಿ ನಾನೇ ವಾಕಿಟಾಕಿ. ಗಾಡೀಲಿ ವಾಕಿಟಾಕಿ ಹಿಡ್ಕೊಂಡು ಇಬ್ಬರ ಅಸಿಸ್ಟೆಂಟುಗಳು ಮಾತಾಡ್ಕೊಳ್ತಾರಂತೆ, ಇವರಿಬ್ಬರ ಬಾಯಿಗೂ ಬೀಗ." ಅವರು ಗೋಡೆಗೆ ಕೈಯೂರಿದರು. "ಇಬ್ಬರೂ ನನ್ನ ಮಕ್ಕಳು ಅಂತ ಬಾಯ್ತುಂಬ ಹೇಳ್ಕೊಳ್ಳೋ ಆಸೆ. ಒಬ್ಬನ್ನ ಹೊಗಳಿದ್ರೆ ಇನ್ನೊಬ್ಬ ತಟ್ಟೆ ಬಿಟ್ಟು ಏಳ್ತಾನೆ. ಇವರು ಯಾವಾಗ ಮಾತಾಡ್ತಾರೋ, ನಾನು ಯಾವಾಗ ಕೇಳ್ತೀನೋ."

ಅಷ್ಟರಲ್ಲಿ ಗಾಡಿಯ ವೇಗ ಕುಗ್ಗುತ್ತಾ ಬಂತು. ಬೆಳಗಿನ ತುಂತುರಿಗೆ ಹಳಿ ಒದ್ದೆಯಾಗಿತ್ತು. ಚಕ್ರಗಳು ಕಿರುಗುಟ್ಟಿದವು, ವ್ಯಾಗನ್ನುಗಳು ತೆವಳಿದವು, ಕೊನೆಗೆ ಇಡೀ ಗಾಡಿ ನಿಂತೇಹೋಯಿತು. ಬಾಲದ ಎಂಜಿನ್ ಸರಿಯಾಗಿ ಟೈಲರಮ್ಮನ ಹಿತ್ತಲ ಎದುರಿಗೇ ನಿಂತಿತ್ತು. ಅದರ ಕಿಟಕಿಯಲ್ಲಿ ಚಿಕ್ಕವನ ಮುಖ ಬೆವರಿತ್ತು.

ಇಂಥ ಏರಿನಲ್ಲಿ ನಿಂತ ಗಾಡಿಯನ್ನು ಎಬ್ಬಿಸುವುದು ಹುಡುಗಾಟವಲ್ಲ. ಹಿಂದಿನವನು ಒತ್ತಿದ ಗಳಿಗೆಗೇ ಮುಂದಿನವನು ಎಳೆಯಬೇಕು. ಚಿಕ್ಕವನ ಅಸಿಸ್ಟೆಂಟ್ ವಾಕಿಟಾಕಿಯಲ್ಲಿ "ತಳ್ತಾ ಇದ್ದೀವಿ" ಎಂದ. ಅದನ್ನು ಅತ್ತಲಿನ ಅಸಿಸ್ಟೆಂಟ್ ಕೇಳಿಸಿಕೊಂಡು ದೊಡ್ಡವನಿಗೆ ಮುಟ್ಟಿಸುವಷ್ಟರಲ್ಲಿ ಮಾತು ಹಳಸಿಹೋಗಿತ್ತು. ಢಣಢಣ ಸದ್ದು ಗಾಡಿಯುದ್ದಕ್ಕೂ ಓಡಿತೇ ಹೊರತು ಒಂದು ಚಕ್ರವೂ ಉರುಳಲಿಲ್ಲ. ಇನ್ನೊಮ್ಮೆ ತಪ್ಪಿದರೆ ಸ್ಟೇಷನ್ನಿನಿಂದ ಮೂರನೇ ಎಂಜಿನ್ ಕರೆಸಬೇಕು. ಆಮೇಲೆ ಅಣ್ಣತಮ್ಮ ಇಬ್ಬರೂ ತಲೆ ಎತ್ತಿಕೊಂಡು ಓಡಾಡುವ ಹಾಗಿಲ್ಲ.

ವಾಕಿಟಾಕಿ ಗೊರಗುಟ್ಟಿತು. ಈ ಸಲ ಬಂದದ್ದು ದೊಡ್ಡವನ ಸ್ವಂತ ದನಿ.

"ಪುಟ್ಟಾ... ನೀನು ತಳ್ಳದೆ ನನ್ನ ಕೈಲಾಗಲ್ಲ ಕಣೋ. ಯಾವಾಗ ಎಳೀಲಿ ಅಂತ ನೀನೇ ಹೇಳು."

ಅಸಿಸ್ಟೆಂಟ್ ವಾಕಿಟಾಕಿಯನ್ನು ಚಿಕ್ಕವನ ಮುಂದೆ ಹಿಡಿದ. ಚಿಕ್ಕವನು ಅದನ್ನು ನೋಡಿದ. ಗೋಡೆಯ ಬಳಿಯಿದ್ದ ತಾಯಿಯನ್ನು ನೋಡಿದ. ಆಮೇಲೆ ಇಷ್ಟು ದಿನದ ಅಭ್ಯಾಸಬಲದಿಂದ ಕಿಟಕಿಯಾಚೆ ಬಗ್ಗಿ, "ಅಮ್ಮಾ, ಅವನಿಗೆ ಹೇಳು..." ಎಂದುಬಿಟ್ಟ.

"ನೀನೇ ಹೇಳೋ, ಕತ್ತೆ! ನಾನು ಇಲ್ಲಿಂದ ಕೂಗಿದ್ರೆ ಅವನಿಗೆ ಕೇಳಿಸುತ್ತೇನೋ?" ಎಂದು ಟೈಲರಮ್ಮ ಗದರಿದರು.

ನರ್ಸ್ ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಚಿಕ್ಕವನ ಕಿವಿ ಕೆಂಪಾಯಿತು. ವಾಕಿಟಾಕಿಯನ್ನು ಕಿತ್ತುಕೊಂಡ.

"ಅಣ್ಣಾ, ತಳ್ತಾ ಇದ್ದೀನಿ. ಈಗ ಎಳಿ... ಎಳಿ, ಅಣ್ಣಾ!"

ಎರಡೂ ಎಂಜಿನ್ ಒಟ್ಟಿಗೇ ಗುಡುಗಿದವು. ಹಿತ್ತಲ ನೆಲ ಅದುರಿತು, ತಂತಿಯ ಮೇಲೆ ಒಣಗಲು ಹಾಕಿದ್ದ ಅಂಗಿಗಳು ಕುಣಿದವು. ವ್ಯಾಗನ್ನು ಒಂದು ಗೇಣು ಸರಿಯಿತು, ಒಂದು ಮೊಳ, ಒಂದು ಮಾರು. ಟೈಲರಮ್ಮ ಹಲ್ಲು ಕಚ್ಚಿಕೊಂಡು ಎರಡೂ ಕೈಯಿಂದ ಗೋಡೆಯನ್ನು ತಳ್ಳುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ. ಗಾಡಿ ನಿಲ್ಲಲಿಲ್ಲ. ಬಾಲದ ಎಂಜಿನ್ ತಿರುವಿನಲ್ಲಿ ಮರೆಯಾಗುವವರೆಗೂ ವಾಕಿಟಾಕಿಯಲ್ಲಿ ಅಣ್ಣ ಏನೋ ಹೇಳುತ್ತಿದ್ದ, ತಮ್ಮ ಏನೋ ಉತ್ತರ ಕೊಡುತ್ತಿದ್ದ.

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಗಾಡಿ ಹತ್ತಿಸಿದ್ದು ಯಾರು ಅಂತ ಈಗ ಕೇಳಬಹುದಾ ಆಂಟಿ?" ಎಂದಳು ನರ್ಸ್ ಹುಡುಗಿ.

"ಧಾರಾಳವಾಗಿ ಕೇಳು. ಬೀದಿಗೆಲ್ಲ ಕೇಳಿಸೋ ಹಾಗೆ ಕೇಳು," ಎಂದರು ಟೈಲರಮ್ಮ, ಕೊರಳಿನ ಟೇಪಿನ ಎರಡೂ ತುದಿ ಹಿಡಿದು ನೆಟ್ಟಗೆ ನಿಂತು. "ಆ ಎಂಜಿನ್ನಿಂದ ಈ ಎಂಜಿನ್ನಿನವರೆಗೆ, ಇಡೀ ಗಾಡಿ ನಮ್ಮನೇದು."