ಪಳಗಿದ ಬೆರಳು

ಹೆಂಡತಿಯ ಕೆನ್ನೆಯ ಮೇಲೆ ಮೂಡಿದ್ದ ತನ್ನ ನಾಲ್ಕು ಬೆರಳಿನ ಬಾಸುಂಡೆಯನ್ನು ಸ್ಟುಡಿಯೋದವನು ಮೊಬೈಲಿನ ಫೋಟೋದಲ್ಲಿ ಉಜ್ಜಿ ಉಜ್ಜಿ ಅಳಿಸಿದ. ಹುಬ್ಬಿನ ಸೀಳು ಮುಚ್ಚಿತು, ಒಡೆದ ತುಟಿ ಕೂಡಿಕೊಂಡಿತು. ನೂರಾರು ಮದುಮಕ್ಕಳ ಮೊಡವೆ ಅಳಿಸಿ ಪಳಗಿದ ಬೆರಳು ಅದು. "ನೋಡೇ, ಬೊಂಬೆ ಥರ ಇದ್ದೀಯ. ಕಳಿಸಿದ್ರೆ ನಿಮ್ಮಮ್ಮ ಮತ್ತೆ 'ಅಳಿಯಂದ್ರೇ, ಎಂಥಾ ಕೈ ನಿಮ್ದು' ಅಂತ ಹೊಗಳ್ತಾರೆ," ಎಂದು ನಕ್ಕ.

ಅವಳು ಮೊಬೈಲನ್ನು ಕಸಿದುಕೊಂಡಳು. ಪರದೆಯ ಮೂಲೆಯಲ್ಲಿ ಹಿಂದಕ್ಕೆ ಬಾಗಿದ ಪುಟ್ಟ ಬಾಣವಿತ್ತು. ತಿದ್ದಿದ್ದು ತಪ್ಪಾದಾಗ ಅವನು ಒತ್ತುತ್ತಿದ್ದುದು ಅದನ್ನೇ. ಒತ್ತಿದಳು. ತುಟಿ ಮತ್ತೆ ಒಡೆಯಿತು.

"ಕೊಡೇ ಇಲ್ಲಿ!" ಅವನ ಮುಷ್ಟಿ ಮೂಗಿಗೆ ಬಡಿಯಿತು. ಲೈಟಿನ ಸ್ಟ್ಯಾಂಡ್ ಸಮೇತ ಬಿದ್ದವಳು ಇನ್ನೊಮ್ಮೆ ಒತ್ತಿದಳು. ಹುಬ್ಬು ಸೀಳಿತು. ಅವನು ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಅವಳು ಬಿಡಲಿಲ್ಲ. ನಾಲ್ಕು ಬೆರಳೂ ಕೆನ್ನೆಗೆ ಮರಳಿದ ಮೇಲೆ ಫೋಟೋವನ್ನು ಅಮ್ಮನಿಗೆ ಕಳಿಸಿಬಿಟ್ಟಳು.

ಅವನು ಕಿತ್ತುಕೊಳ್ಳುವಷ್ಟರಲ್ಲಿ ಮೊಬೈಲು ಅವನ ಅಂಗೈಯಲ್ಲೇ ಬಡಿದುಕೊಳ್ಳತೊಡಗಿತು. ಅತ್ತೆಯ ವಿಡಿಯೋ ಕಾಲ್. ಪರದೆಯ ಗಾಜಿನ ತುಂಬ ಹೆಂಡತಿಯ ಮೂಗಿನಿಂದ ಸೋರಿದ ರಕ್ತ. ಗಾಬರಿಗೆ, ಅಭ್ಯಾಸಬಲದಿಂದ, ಅವನ ಬೆರಳು ಅದನ್ನು ಉಜ್ಜತೊಡಗಿತು. ರಕ್ತ ಅಳಿಯಲಿಲ್ಲ, ಹರಡಿತು. ಉಜ್ಜಿದ ರಭಸಕ್ಕೆ ಕಾಲ್ ತೆರೆದುಕೊಂಡಿತು.

ಅತ್ತೆ ಅಳುತ್ತಿರಲಿಲ್ಲ.

"ಲೋ," ಎಂದರು, "ಎಲ್ಲಿ, ನಿನ್ನ ಕೈ ತೋರಿಸು."